ಒಂದು ರೂಪಾಯಿಗೆ ಒಂದು ಡಾಲರ್

ನಮ್ಮ ಬನಹಟ್ಟಿಯ ಗುರಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ನಿವೃತ್ತಿಯಾದ ಮೇಲೂ ಕಲಿಸುವುದನ್ನು ಬಿಟ್ಟಿಲ್ಲ. ಚಹಾದಂಗಡಿ, ಕ್ಷೌರದಂಗಡಿ, ಬಸ್‌ಸ್ಟ್ಯಾಂಡು, ಎಲ್ಲಿ ನಾಲ್ಕು ಕಿವಿ ಸಿಕ್ಕರೆ ಅಲ್ಲೇ ಪಾಠ. ಮನುಷ್ಯ ಒಳ್ಳೆಯವರು, ಸುಳ್ಳಾಡುವವರಲ್ಲ. ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಮೂರು ಕಾಲಿನ ಮೊಲ ಅಂದರೆ ಡಾಲರ್. "ಇಂಗ್ರೇಜರು ಬಿಟ್ಟ ಹೋದಾಗ ಒಂದ ರೂಪಾಯಿಗೆ ಒಂದ ಡಾಲರ್ ಇತ್ತು! ಇವತ್ತ ಎಂಬತ್ತ ದಾಟೇತಿ. ನಡುವ ನುಂಗಿದವರ ಯಾರ ಹೇಳ್ರಿ?" ಹೀಗೆ ಕೇಳಿ ಅವರು ಮೀಸೆ ಮೇಲೆ ಕೈಯಾಡಿಸಿದರೆ ಚಪ್ಪಾಳೆ ಬಿತ್ತೆಂದೇ ಲೆಕ್ಕ. ಆಗಸ್ಟ್ ಹದಿನೈದರ ಭಾಷಣ ಪ್ರತಿ ವರ್ಷ ಇದೇ. ನಾನೂ ಅವರ ಶಿಷ್ಯನೇ, ನಾನೂ ಇದನ್ನೇ ನಂಬಿಕೊಂಡು ಬೆಳೆದವನು. ಇದು ಯಾವ ಪುಸ್ತಕದಲ್ಲಿದೆ ಎಂದು ನಾವು ಯಾರೂ ಕೇಳಲಿಲ್ಲ, ಅವರೂ ತೆಗೆದು ನೋಡಲಿಲ್ಲ. ನೂಲಿನ ದರವಾದರೆ ನಾಲ್ಕು ಅಂಗಡಿ ಸುತ್ತಿ ವಿಚಾರಿಸುವ ಊರು ನಮ್ಮದು. ಡಾಲರಿನ ದರವನ್ನು ಮಾತ್ರ ಅವರು ಹೇಳಿದ್ದಕ್ಕೇ ಒಪ್ಪಿಕೊಂಡೆವು.

ಈ ವರ್ಷ ಜಮಖಂಡಿಯ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ನಮ್ಮ ಓಣಿಯ ಮಗ್ಗದ ಗಿರಿಮಲ್ಲಪ್ಪನ ಮಗಳು ಸುವರ್ಣಾ ಹೆಸರು ಕೊಟ್ಟಳು. ಪಿಯುಸಿ ಓದುವ ಹುಡುಗಿ, ಮಾತಿಗೆ ನಿಂತರೆ ಅರಳು ಹುರಿದ ಹಾಗೆ. ಅವಳನ್ನು ತಯಾರು ಮಾಡಿದವರು ಗುರಪ್ಪ ಮಾಸ್ತರರೇ. ಗೆದ್ದರೆ ಮುಂದೆ ಬಾಗಲಕೋಟೆ, ಅಲ್ಲಿಯೂ ಗೆದ್ದರೆ ಧಾರವಾಡ ಎಂದು ಗಿರಿಮಲ್ಲಪ್ಪ ಓಣಿಯ ತುಂಬ ಹೇಳಿಕೊಂಡು ಬಂದಿದ್ದ. ಆ ದಿನ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತರು.

ಹುಡುಗಿ ಛಲೋ ಮಾತಾಡಿದಳು. ಕೊನೆಗೆ ಮಾಸ್ತರರ ಡಾಲರನ್ನು ಅವರದೇ ಧಾಟಿಯಲ್ಲಿ ಹೇಳಿದಳು. ಚಪ್ಪಾಳೆ ನಿಂತ ಮೇಲೆ ತೀರ್ಪುಗಾರರಲ್ಲಿ ಒಬ್ಬರು, ಅರ್ಥಶಾಸ್ತ್ರದ ಪ್ರಾಧ್ಯಾಪಕರು, ಮೈಕ್ ಹತ್ತಿರ ಎಳೆದುಕೊಂಡರು.

"ಒಂದಕ್ಕ ಒಂದು ಅಂತ ಇರಲಿಲ್ಲವ್ವಾ. ಆಗ ನಮ್ಮ ರೂಪಾಯಿ ಇಂಗ್ರೇಜರ ಪೌಂಡಿಗೆ ಗಂಟಹಾಕಿದ್ರು. ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರ, ಆ ಲೆಕ್ಕದಾಗ ಡಾಲರಿಗೆ ಮೂರು ರೂಪಾಯಿ ಐದಾಣೆ ಹತ್ರ. ಎರಡ ವರ್ಷಕ್ಕ ಪೌಂಡ್ ಬಿತ್ತು, ಅದರ ಜೋಡಿ ನಾವೂ ಬಿದ್ವಿ, ನಾಕೂಮುಕ್ಕಾಲಾತು. ಅರವತ್ತಾರರಾಗ ಏಳೂವರಿ. ನಿನಗ ಇದನ್ನ ಯಾರ ಕಲಿಸಿದ್ರು?"

ಸಭೆಯಲ್ಲಿ ಕಿಸಕ್ಕನೆ ನಗೆ ಎದ್ದಿತು. ಸುವರ್ಣಾ ಮುಂದಿನ ಸಾಲಿನ ಕಡೆ ನೋಡಿದಳು. ಮಾಸ್ತರರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದರು. ಪಟ್ಟಿ ಸರಿಯಾಗಿಯೇ ಇತ್ತು.

"ಯಾರೂ ಕಲಿಸಿಲ್ರಿ ಸರ್. ನಾನ ಮೊಬೈಲ್‌ನಾಗ ಓದಿದ್ನಿ. ನಂದ ತಪ್ಪಾತ್ರಿ," ಅಂದಳು.

ಬಹುಮಾನ ಮುಧೋಳದ ಹುಡುಗನಿಗೆ ಹೋಯಿತು. ಬಸ್ಸಿನಲ್ಲಿ ಸುವರ್ಣಾ ಕಿಟಕಿಯಿಂದ ಕರವಸ್ತ್ರ ಹಾಕಿ ಮಾಸ್ತರರಿಗೂ ಸೀಟು ಹಿಡಿದಿದ್ದಳು. ಕರೆದದ್ದು ಕೇಳಿಸಲೇ ಇಲ್ಲವೆಂಬಂತೆ ಅವರು ಬನಹಟ್ಟಿಯವರೆಗೆ ಬಾಗಿಲ ಹತ್ತಿರ ನಿಂತೇ ಬಂದರು.

ಮನೆಯಲ್ಲಿ ಹೆಂಡತಿ ಗುರುಬಾಯಿ ರೊಟ್ಟಿ ಬಡಿಸಿದರೆ ಮಾಸ್ತರರು ತಾಟು ಸರಿಸಿಬಿಟ್ಟರು. ಕೇಳಿ ಕೇಳಿ ಆಕೆ ವಿಷಯ ಹೊರಗೆಳೆದಳು.

"ತಪ್ಪ ಎಲ್ಲಾರೂ ಹೇಳ್ತಾರ್ರಿ, ಅದೇನ ದೊಡ್ಡದಲ್ಲ. ಎದ್ದ ನಿಂತು 'ನಾನ ಕಲಿಸೀನಿ' ಅನ್ನಾಕ ನಿಮಗೇನ ಧಾಡಿ ಆಗಿತ್ತು? ಕೂಸಿನ ಮ್ಯಾಲ ಹಾಕಿ ಬಂದ್ರಿ?"

ಆಮೇಲೆ ಮಾಸ್ತರರೇ ನನ್ನ ಮುಂದೆ ಇದನ್ನೆಲ್ಲ ಹೇಳಿದರು. ಜನ್ಮವಿಡೀ ತಪ್ಪು ದರ ಕಲಿಸಿದ್ದು ಅಷ್ಟು ಚುಚ್ಚಲಿಲ್ಲವಂತೆ. ಬಗ್ಗಿ ಚಪ್ಪಲಿ ಮುಟ್ಟಿದ್ದು ನೆನಪಾದಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತಂತೆ. ಕನ್ನಡಿಯ ಮುಂದೆ ನಿಂತು ದಾಡಿ ಮಾಡಿಕೊಳ್ಳುವುದೂ ಬೇಡವಾಗಿತ್ತು.

ಮರುದಿನ ಗಿರಿಮಲ್ಲಪ್ಪನ ಮನೆಗೆ ಹೋದರು. ಮಗ್ಗಗಳು ಭರಾಟೆಯಲ್ಲಿ ನಡೆಯುವ ಹೊತ್ತನ್ನೇ ಆರಿಸಿಕೊಂಡರು. ಆ ಸಪ್ಪಳದಲ್ಲಿ ನಮ್ಮ ಓಣಿಯವರು ಅರ್ಧ ಮಾತನ್ನು ಕೈಯಲ್ಲೇ ಆಡುತ್ತಾರೆ. ಹೇಳಿದಂತೆಯೂ ಆಗಬೇಕು, ಪೂರಾ ಕೇಳಿಸಲೂಬಾರದು. ಗುರುವಾದರೇನು, ಕಳ್ಳಬುದ್ಧಿ ಕಳ್ಳಬುದ್ಧಿಯೇ.

ಗಿರಿಮಲ್ಲಪ್ಪ ಅವರನ್ನು ನೋಡಿದ್ದೇ ಕೈಮುಗಿದ. ಒಳಗಿದ್ದ ಮಗಳನ್ನು ಕೂಗಿದ. "ಸುವರ್ಣಾ, ಬಾ ಇಲ್ಲಿ! ಮಾಸ್ತರು ಬಂದಾರ. ಅಷ್ಟ ಮಂದಿಯೊಳಗ ಅವರ ಹೆಸರ ಕೆಡಿಸಿ ಬಂದಿ. ಕಾಲಿಗೆ ಬಿದ್ದು ತಪ್ಪಾತು ಅನ್ನು."

ಅಂದರೆ ಹುಡುಗಿ ತಪ್ಪು ಹೇಳಿ ಸೋತೆ ಅಂದಿದ್ದಳೇ ಹೊರತು ಯಾವ ತಪ್ಪು, ಯಾರು ಕಲಿಸಿದ್ದು ಎಂದು ಅಪ್ಪನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಂದವಳೇ ಬಗ್ಗಿದಳು. ಮಾಸ್ತರರು ಬೆಂಕಿ ತುಳಿದವರ ಹಾಗೆ ಹಿಂದೆ ಸರಿದು, "ಬ್ಯಾಡವಾ! ತಪ್ಪ ನಂದು!" ಎಂದು ಕೂಗಿದರು. ಗಿರಿಮಲ್ಲಪ್ಪ ಕಿವಿಯ ಹತ್ತಿರ ಕೈ ಹಿಡಿದು ಏನೆಂದು ಕೇಳಿದ. ಇನ್ನೊಮ್ಮೆ ಕೂಗಿದರು. ಆಗಲೂ ಕೇಳಿಸಲಿಲ್ಲ. ಕೊನೆಗೆ ಅವರೇ ಕೈಯೆತ್ತಿ ಮಗ್ಗ ನಿಲ್ಲಿಸು ಎಂದು ಸನ್ನೆ ಮಾಡಿದರು.

ಒಂದೊಂದಾಗಿ ಮಗ್ಗ ನಿಂತವು. ನೇಯುವವರು ಏನೋ ಆಗಿದೆ ಎಂದು ಇತ್ತ ತಿರುಗಿದರು. ಮಾಸ್ತರರು ಎಲ್ಲವನ್ನೂ ಹೇಳಿದರು. ದರ ತಪ್ಪಿದ್ದನ್ನು, ಅದನ್ನು ಕಲಿಸಿದವರು ತಾವೆಂಬುದನ್ನು, ಹುಡುಗಿ ತಮ್ಮ ಕಡೆ ನೋಡಿದಾಗ ತಾವು ತಲೆ ತಗ್ಗಿಸಿದ್ದನ್ನು.

ಗಿರಿಮಲ್ಲಪ್ಪ ಕೈಗೆ ಹತ್ತಿದ ನೂಲಿನ ಧೂಳನ್ನು ಬಹಳ ಹೊತ್ತು ಝಾಡಿಸಿದ. "ಆತು ಬಿಡ್ರಿ," ಎಂದ. ಮಾಸ್ತರರು ಬಂದರೆ ಓಡಿ ಚಹಾ ತರಿಸುವವನು ಅವತ್ತು ಕೂಡ್ರಿ ಎಂದೂ ಅನ್ನಲಿಲ್ಲ.

ಸುವರ್ಣಾ ಅಂದಳು: "ದರ ತಪ್ಪಿದ್ದಕ್ಕ ನನಗೇನೂ ಅನಿಸಲಿಲ್ರಿ ಸರ್. ನೀವು ಎದ್ದ ನಿಂದರ್ತೀರಿ ಅಂತ ನೋಡಿದ್ನಿ."

"ಈಗ ನಿಂತೀನಲ್ಲವಾ," ಎಂದರು ಮಾಸ್ತರರು.

ಹುಡುಗಿ ಸುತ್ತ ನೋಡಿದಳು. ಅಪ್ಪ, ಮೂವರು ನೇಯುವವರು, ನಿಂತ ಮಗ್ಗಗಳು.

"ನಿನ್ನಿ ನಕ್ಕವರು ಇಲ್ಲಿ ಯಾರ ಅದಾರ್ರಿ ಸರ್?"

ಗಿರಿಮಲ್ಲಪ್ಪ ಹೋಗಿ ಮಗ್ಗ ಚಾಲೂ ಮಾಡಿದ.