ಅಡುಗೆಮನೆ ಇಲ್ಲದ ಕೋಣೆ

ಮೊನ್ನೆ ಮಂಚದ ಕೆಳಗಿದ್ದ ನೀಲಿ ಸೂಟ್‌ಕೇಸನ್ನು ಎಳೆದು ತೆರೆದೆ. ಒಳಪದರದ ಬಟ್ಟೆಯಿಂದ ಇಂಗಿನ ವಾಸನೆ ಎದ್ದು ಬಂತು. ಸೋಪಿನ ನೀರಿನಲ್ಲಿ ಎರಡು ಸಲ ಒರೆಸಿದ್ದೇನೆ. ದೋಹಾದ ಜುಲೈ ಬಿಸಿಲಿನಲ್ಲಿ ಇಡೀ ದಿನ ಬಾಯಿ ತೆರೆದು ಇಟ್ಟಿದ್ದೇನೆ. ಆ ಬಿಸಿಲಿಗೆ ಪ್ಲಾಸ್ಟಿಕ್ ಬಕೆಟ್ಟೇ ಬಿರುಕು ಬಿಡುತ್ತದೆ, ಇಂಗು ಮಾತ್ರ ಜಗ್ಗಲಿಲ್ಲ. ಐದಾರು ವರ್ಷದ ಹಿಂದೆ ಇದೇ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಅಕ್ಕಿ, ಕುಕ್ಕರ್ ತುಂಬಿಕೊಂಡು ಇಟಲಿಗೆ ಹೋಗಿದ್ದೆ. ಆಗ ಜೊತೆಗೆ ಬಂದಿದ್ದವರು ಎದುರು ಮನೆಯ ಅಕ್ಕ.

ಎದುರು ಮನೆ ಎಂದರೆ ಒಂದೇ ವಿಲ್ಲಾದ ಇನ್ನೊಂದು ತುಂಡು. ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಆ ವಿಲ್ಲಾವನ್ನು ನಡುವೆ ಹಲಗೆ ಹಾಕಿ ನಾಲ್ಕು ಮನೆ ಮಾಡಿದ್ದರು. ನಾವು ಮೈಸೂರಿನವರು, ಅಕ್ಕನವರು ಉಡುಪಿ ಕಡೆಯವರು. ಅಕ್ಕ ಒಂಟಿಯಾಗಿದ್ದ ಆಫೀಸಿನ ಹುಡುಗರಿಗೆ ಊಟದ ಡಬ್ಬಿ ಮಾಡಿಕೊಡುತ್ತಿದ್ದರು. ಹದಿನಾರು ವರ್ಷ, ಶುಕ್ರವಾರ ಬಿಟ್ಟು ದಿನವೂ. ಶುಕ್ರವಾರ ಮನೆಗೆ ನೆಂಟರು ಬರುತ್ತಿದ್ದರು, ಹಾಗಾಗಿ ಅಂದೂ ಬಿಡುವಿರಲಿಲ್ಲ. ನಾನು ಆಫೀಸಿನಿಂದ ಬಂದರೆ ನಮ್ಮ ಮನೆಗೂ ಒಂದು ಬೋಗುಣಿ ಸಾರು ಬಂದಿರುತ್ತಿತ್ತು. ಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ.

ಅವರ ಒಲೆಯ ಮೇಲಿನ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಇತ್ತು. ದೋಹಾ ಅಲ್ ಜದೀದಾ ಪೇಟೆಯ ಯಾವುದೋ ಟ್ರಾವೆಲ್ಸ್ ಅಂಗಡಿ ಕೊಟ್ಟ ಕ್ಯಾಲೆಂಡರ್, ತಿಂಗಳಿಗೊಂದು ಊರು. ವರ್ಷ ಮುಗಿದ ಮೇಲೆ ಹನ್ನೊಂದು ಊರು ಕಸಕ್ಕೆ ಹೋಗಿ ಇಟಲಿಯ ಫ್ಲಾರೆನ್ಸ್ ಒಂದು ಉಳಿಯಿತು. ಹೆಂಚಿನ ಮನೆಗಳ ನಡುವೆ ಎದ್ದ ಕೆಂಪು ಗುಮ್ಮಟ. ಒಗ್ಗರಣೆಯ ಹೊಗೆಗೆ ಆ ಆಕಾಶ ಹಳದಿಯಾಗಿತ್ತು. ಅಕ್ಕ ಆ ಊರಿನ ಚರಿತ್ರೆ ಓದಿದವರಲ್ಲ, ಚಿತ್ರಕಲೆ ಗೊತ್ತಿದ್ದವರೂ ಅಲ್ಲ. ಹದಿನಾರು ವರ್ಷ ಒಲೆಯ ಮುಂದೆ ನಿಂತಾಗ ಕಣ್ಣೆದುರು ಇದ್ದದ್ದು ಅದೊಂದೇ, ಅಷ್ಟೇ.

ಈದ್ ರಜೆಗೆ ನಾವಿಬ್ಬರು ಗಂಡ ಹೆಂಡತಿ, ಅಕ್ಕ ಮತ್ತು ಅವರ ಯಜಮಾನರು, ಅಂದರೆ ನಾನು ಭಾವ ಎಂದು ಕರೆಯುತ್ತಿದ್ದವರು, ಒಟ್ಟಿಗೆ ಹೋಗುವುದೆಂದು ಆಯಿತು. ವೀಸಾ, ಟಿಕೆಟ್, ಕಂಪ್ಯೂಟರಿನ ಕೆಲಸವೆಲ್ಲ ನನ್ನದು. ಉಳಿಯುವ ಜಾಗ ಹುಡುಕುವುದು ಮಾತ್ರ ಅಕ್ಕ ತಾನೇ ಮಾಡುತ್ತೇನೆಂದರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕನ್ನಡಕ ಹಾಕಿಕೊಂಡು ಫೋನು ಹಿಡಿದು ಕೂರುತ್ತಿದ್ದರು. ಒಂದೂವರೆ ತಿಂಗಳು ನೋಡಿದರು. ಮದುವೆಗೆ ಹೆಣ್ಣು ನೋಡುವವರೂ ಅಷ್ಟು ಸೋಸುವುದಿಲ್ಲ ಎಂದು ನಾನು ಗೇಲಿ ಮಾಡುತ್ತಿದ್ದೆ. ಸ್ಟೇಷನ್ ಪಕ್ಕ ಬೇಡವಂತೆ, ಸ್ಟೇಷನ್ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ ಎಂದರು. ಗುಮ್ಮಟದ ಬುಡದಲ್ಲೂ ಬೇಡವಂತೆ, ಬುಡದಲ್ಲಿ ನಿಂತರೆ ಗುಮ್ಮಟ ಕಾಣುವುದೇ ಇಲ್ಲವಂತೆ. ಅದು ನನಗೆ ಹೊಳೆದೇ ಇರಲಿಲ್ಲ.

ಕಡೆಗೆ ಒಂದು ಸಿಕ್ಕಿತು. ಹೊಳೆಯ ಆಚೆ ದಡದ ಗಲ್ಲಿಯಲ್ಲಿ ಒಬ್ಬ ಮುದುಕಿ ನಡೆಸುವ ಹಳೆಯ ಮನೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಹಸಿರು ಬಾಗಿಲಿನ ಕಿಟಕಿ. ಕಿಟಕಿ ತೆಗೆದರೆ ಹೆಂಚಿನ ಮಾಡುಗಳ ಮೇಲೆ ಆ ಗುಮ್ಮಟ, ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ. ಬೆಳಗಿನ ಕಾಫಿ ತಿಂಡಿ ಕೆಳಗೆ ಆ ಮುದುಕಿಯೇ ಕೊಡುತ್ತಾಳೆ. ನಾನು ಕೆಳಗಿನ ಸಾಲು ಓದಿ, ಅಕ್ಕ, ಇದರಲ್ಲಿ ಅಡುಗೆಮನೆ ಇಲ್ಲವಲ್ಲ ಎಂದೆ.

"ಇಲ್ಲ ಅಂತ ನಂಗೆ ಗೊತ್ತುಂಟು ಮಾರಾಯ್ತಿ. ಅದಕ್ಕೇ ಅದು ಬೇಕು ಹೇಳಿದ್ದು."

ಎರಡು ಕೋಣೆ ಬುಕ್ ಮಾಡಿದೆ. ವೀಸಾದ ಅರ್ಜಿಗೆ ಆ ಕಾಗದವನ್ನೇ ಲಗತ್ತಿಸಿದೆ. ಇಲ್ಲಿ ಒಂದು ಪದ್ಧತಿ ಇದೆ, ನಮ್ಮವರಲ್ಲಿ ಗುಟ್ಟೇನಲ್ಲ. ವೀಸಾಕ್ಕೆ ತೋರಿಸಲು ಒಂದು ಜಾಗ, ಇರಲು ಇನ್ನೊಂದು. ರದ್ದು ಮಾಡಬಹುದಾದ ಕೋಣೆ ಹಿಡಿಯುವುದು, ಪಾಸ್‌ಪೋರ್ಟಿಗೆ ವೀಸಾ ಅಂಟಿ ಬಂದ ದಿನವೇ ಖಲಾಸ್ ಮಾಡುವುದು, ಆಮೇಲೆ ನಮಗೆ ಅನುಕೂಲವಾದದ್ದನ್ನು ಹುಡುಕುವುದು. ಎಲ್ಲರೂ ಮಾಡುತ್ತಾರೆ. ನಾನೂ ಮಾಡಿದೆ.

ಭಾವ ಮೂರು ದಿನ ಬ್ರೆಡ್ ತಿಂದುಕೊಂಡು ಇರಲಿಕ್ಕೆ ಆಗುವುದಿಲ್ಲ ಎಂದಿದ್ದರು. ನನ್ನ ಗಂಡ ಹೌದೌದು ಎಂದಿದ್ದರು. ಗಂಡಸರ ಹಟಕ್ಕೆ ಮಣಿದೆ ಎಂದು ನಾನು ಬಹಳ ಕಾಲ ನನಗೇ ಹೇಳಿಕೊಂಡೆ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ನಿಜ ಹೇಳುವುದಾದರೆ ಅನ್ನ ಸಾರು ನನಗೂ ಬೇಕಿತ್ತು. ಅಕ್ಕ ಜೊತೆಗಿರುವಾಗ ಊಟದ ಚಿಂತೆ ಏಕೆ ಎಂಬ ಲೆಕ್ಕ ನನ್ನದೇ. ಊರಿನ ಹೊರಗೆ, ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದೆ. ಕುಕ್ಕರನ್ನು ಈ ನೀಲಿ ಸೂಟ್‌ಕೇಸಿನ ತಳದಲ್ಲಿ ಇಟ್ಟು ಮೇಲೆ ಸ್ವೆಟರ್ ಮುಚ್ಚಿದೆ. ಅಕ್ಕನಿಗೆ ಹೇಳಲಿಲ್ಲ. ಅಲ್ಲಿಗೆ ಹೋದ ಮೇಲೆ ಹೇಳಿದರಾಯಿತು, ಅಕ್ಕ ಏನೂ ಅನ್ನುವುದಿಲ್ಲ ಎಂದು ಗೊತ್ತಿತ್ತು. ಏನೂ ಅನ್ನದವರಿಗೆ ಏನು ಬೇಕಾದರೂ ಮಾಡಬಹುದಲ್ಲ...

ರೋಮಿನಿಂದ ರೈಲಿನಲ್ಲಿ ಫ್ಲಾರೆನ್ಸಿಗೆ ಬಂದಿಳಿದಾಗ ಅಕ್ಕ ಆ ಮುದುಕಿಯ ಮನೆಯ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಯಲ್ಲೇ ಹಿಡಿದಿದ್ದರು. ಹೊಸ ಹತ್ತಿ ಸೀರೆ, ಅದರ ಮೇಲೆ ಕೋಟು. ಟ್ರಾಮ್ ಹೊರಟಿತು. ಒಂದು ತಿರುವಿನಲ್ಲಿ ಗುಮ್ಮಟದ ತುದಿ ಕಂಡು ಕಟ್ಟಡಗಳ ಹಿಂದೆ ಹೋಯಿತು. ಅಕ್ಕ ಕಿಟಕಿಯಿಂದ ತಿರುಗಿ ನನ್ನನ್ನು ನೋಡಿದರು.

"ಇದು ಊರು ಬಿಟ್ಟು ಹೊರಗೆ ಹೋಗ್ತಾ ಉಂಟಲ್ಲ?"

ಆಗ ಹೇಳಿದೆ. ಭಾವನ ಸಕ್ಕರೆ ಕಾಯಿಲೆ, ಮೂರು ಮಹಡಿ ಮೆಟ್ಟಿಲು, ಅಕ್ಕನದೇ ಮಂಡಿನೋವು, ಒಂದಾದ ಮೇಲೆ ಒಂದು ಕಾರಣ. ಅಷ್ಟು ಕಾರಣ ಹೇಳಬೇಕಾಗಿ ಬಂದಾಗಲೇ ನನಗೆ ನಾಚಿಕೆಯಾಗಬೇಕಿತ್ತು. ಅಕ್ಕ ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿದರು. ಮನೆಗೆ ಹೋಗಿ ನಾನು ಸೂಟ್‌ಕೇಸಿನ ತಳದಿಂದ ಕುಕ್ಕರ್ ತೆಗೆದಾಗ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಓ. ಹೊರಡುವಾಗಲೇ ಗೊತ್ತಿತ್ತು ನಿಂಗೆ."

ಸಿಟ್ಟಿನಲ್ಲಿ ಹೇಳಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಕೋಟಿನ ತೋಳು ಮಡಿಸಿ ಅಕ್ಕಿ ತೊಳೆಯಲು ನಿಂತರು. ತಮಾಷೆ ಕೇಳಿ, ಆ ಮನೆಯ ಒಲೆ ಇಂಡಕ್ಷನ್. ನಾನು ಸಾವಿರಾರು ಮೈಲಿ ಹೊತ್ತ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗಲೇ ಇಲ್ಲ. ಕಪಾಟಿನಲ್ಲಿ ಸಿಕ್ಕ ತೆಳು ಪಾತ್ರೆಯಲ್ಲಿ ಅನ್ನ ಬೇಯಿಸಬೇಕಾಯಿತು. ಒಂದು ನಿಮಿಷ ಬಿಟ್ಟರೆ ತಳ ಹಿಡಿಯುವ ಪಾತ್ರೆ. ಅಕ್ಕ ಅದರ ಮುಂದೆಯೇ ನಿಂತಿರಬೇಕಾಯಿತು, ದೋಹಾದಲ್ಲಿ ನಿಲ್ಲುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು. ಇಲ್ಲಿ ದೋಹಾದಲ್ಲಿ ಎದುರಿಗೆ ಚಿತ್ರವಾದರೂ ಇತ್ತು. ಅಲ್ಲಿ ಬಿಳಿ ಟೈಲ್ಸು.

ಮೂರು ದಿನವೂ ಅದೇ. ಬೆಳಿಗ್ಗೆ ಉಪ್ಪಿಟ್ಟು ಮುಗಿದು ಹೊರಡುವಾಗ ಹನ್ನೊಂದು, ಸಂಜೆ ಅನ್ನಕ್ಕಿಡಲು ಆರಕ್ಕೆ ವಾಪಸು. ಗುಮ್ಮಟವನ್ನು ಅಕ್ಕ ನೋಡಿದರು, ಬುಡದಿಂದ, ಜನಜಂಗುಳಿಯಲ್ಲಿ ಕತ್ತು ಮೇಲೆತ್ತಿ. ಅವರು ಹೇಳಿದ್ದು ನಿಜ, ಬುಡದಿಂದ ಬರೀ ಗೋಡೆ ಕಾಣುತ್ತದೆ. ಭಾವ ಕಾಲು ನೋವೆಂದರು, ಹೊರಟೆವು. ನಾವು ಮೂವರೂ ಆ ರಾತ್ರಿ ಸಾರು ಸುರಿದುಕೊಂಡು ಉಂಡು, ಇಟಲಿಯಲ್ಲಿ ಕೂತು ಉಡುಪಿ ಊಟ ಎಂದು ಫೋಟೋ ತೆಗೆದೆವು. ಆ ಫೋಟೋದಲ್ಲಿ ಅಕ್ಕ ಇಲ್ಲ, ಬಡಿಸುತ್ತಿರುವ ಅವರ ಕೈ ಮಾತ್ರ ಇದೆ.

ಕೊನೆಯ ಬೆಳಿಗ್ಗೆ ಅಕ್ಕ ನನ್ನನ್ನು ಒಂದೇ ಒಂದು ಮಾತು ಕೇಳಿದರು.

"ಒಮ್ಮೆ ಹೊಳೆ ದಾಟಿ ಆ ಮನೆ ನೋಡಿ ಬರುವನಾ? ಒಳಗೆ ಹೋಗುದು ಬೇಡ. ಹೊರಗಿಂದ ಸಾಕು."

ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಹೋಗಬಹುದಿತ್ತು. ಆದರೆ ದಾರಿಗೆ ಚಿತ್ರಾನ್ನ ಕಟ್ಟಿಕೊಳ್ಳಬೇಕಲ್ಲ ಅಕ್ಕ, ಇನ್ನೊಂದು ಸಲ ಬಂದಾಗ ನೋಡಿದರಾಯಿತು ಎಂದೆ. ಅವರು ಆಯ್ತು ಎಂದು ಈರುಳ್ಳಿ ಹೆಚ್ಚಿದರು. ಸೂಟ್‌ಕೇಸಿನಲ್ಲಿ ಇಂಗಿನ ಡಬ್ಬಿ ಮುಚ್ಚಳ ಬಿಚ್ಚಿ ಚೆಲ್ಲಿದ್ದು ಅವತ್ತೇ, ನಾನು ಅವಸರದಲ್ಲಿ ತುರುಕುವಾಗ.

ದೋಹಾಕ್ಕೆ ಬಂದ ಮೇಲೂ ಸಾರಿನ ಬೋಗುಣಿ ನಿಲ್ಲಲಿಲ್ಲ. ಒಂದು ದಿನ ಅವರ ಅಡುಗೆಮನೆಗೆ ಹೋದಾಗ ಒಲೆಯ ಮೇಲಿನ ಹಾಳೆ ಇರಲಿಲ್ಲ. ಕಪಾಟಿನಲ್ಲಿ ಎಣ್ಣೆ ಜಿಡ್ಡು ಅಂಟದಿರಲೆಂದು ಮಸಾಲೆ ಡಬ್ಬಿಗಳ ಕೆಳಗೆ ಹಾಸಿದ್ದರು, ಚಿತ್ರ ಕೆಳಮುಖವಾಗಿ. ನಾನು ಕಂಡೂ ಕಾಣದವಳಂತೆ ಬಂದೆ. ಮರುವರ್ಷ ಭಾವನ ಕೆಲಸ ಮುಗಿಯಿತು, ಅವರು ಊರಿಗೆ ಹೋದರು. ಮೊದಮೊದಲು ಹಬ್ಬಕ್ಕೆ ಫೋನು ಮಾಡುತ್ತಿದ್ದೆ, ಆಮೇಲೆ... ಎರಡು ವರ್ಷದ ಹಿಂದೆ ಭಾವನಿಂದ ಮೆಸೇಜು ಬಂತು, ಅಕ್ಕ ಹೋದರೆಂದು. ಫೋನು ಮಾಡಿದೆ. ಭಾವ ಅಳುತ್ತಲೇ, ಇಟಲಿಯಲ್ಲೂ ನಮಗೆ ಊರಿನ ಊಟ ಹಾಕಿದಳಲ್ಲ ಪುಣ್ಯಾತ್ಗಿತ್ತಿ ಎಂದರು. ನಾನು ಹೌದು ಭಾವ ಎಂದೆ.

ಈ ಈದ್ ರಜೆಗೆ ನಾವಿಬ್ಬರೇ ಫ್ಲಾರೆನ್ಸಿಗೆ ಹೊರಟಿದ್ದೇವೆ. ಸೂಟ್‌ಕೇಸು ತೆಗೆದದ್ದು ಅದಕ್ಕೇ. ಹೊಳೆಯ ಆಚೆಯ ಆ ಮನೆ ಇನ್ನೂ ಇದೆ, ಹಸಿರು ಕಿಟಕಿಯ ಫೋಟೋ ಕೂಡ ಅದೇ. ಬುಕ್ ಮಾಡಿದೆ, ವೀಸಾ ಬಂದ ಮೇಲೂ ರದ್ದು ಮಾಡಲಿಲ್ಲ. ನನ್ನ ಗಂಡ ಕಾಗದ ನೋಡಿ, ಇದರಲ್ಲಿ ಅಡುಗೆಮನೆಯೇ ಇಲ್ಲವಲ್ಲ, ಊಟಕ್ಕೇನು ಮಾಡುವುದು ಎಂದರು.

"ಇಲ್ಲ ಅಂತ ಗೊತ್ತು ಕಣ್ರೀ. ಅದಕ್ಕೇ ಬುಕ್ ಮಾಡಿದ್ದು."

ಅವರು ಆಯ್ತು ಎಂದು ಕಾಗದ ವಾಪಸು ಕೊಟ್ಟರು. ಎಷ್ಟು ಸುಲಭವಾಗಿ ಒಪ್ಪಿದರು... ಆ ಮಾತು ನನ್ನದಲ್ಲ. ಅಂದು ಅಕ್ಕನ ಕೋಣೆ ಕಸಿದುಕೊಂಡೆ, ಇಂದು ಅವರ ಮಾತನ್ನೂ ಕಸಿದುಕೊಂಡೆ. ಬರುವ ವಾರ ಆ ಕಿಟಕಿ ತೆಗೆದು ಗುಮ್ಮಟ ನೋಡುವವಳೂ ನಾನೇ.