ಕಲ್ಲು ಬಿಡುವ ಪದ

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಮೂವತ್ತೆರಡು ವರ್ಷ ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಯಾವನಾದರೂ ದೆವ್ವ, ಶಕುನ ಎಂದರೆ ಮೈದಾನಕ್ಕೆ ಎರಡು ಸುತ್ತು ಓಡಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದದ್ದನ್ನು ಆದಂತೆ ಬರೆದು ಕೈತೊಳೆದುಕೊಂಡರೆ ಸಾಕಾಗಿದೆ.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ದೇಶದೇಶಗಳ ಮರೆತುಹೋದ ಹಾಡುಗಳನ್ನು ಹುಡುಕಿ ಮತ್ತೆ ಹೊರತರುವ ಸಣ್ಣ ರೆಕಾರ್ಡ್ ಕಂಪನಿಯಲ್ಲಿ ಅವಳ ಕೆಲಸ. ಗುಜರಿಯಲ್ಲಿ ಸಿಕ್ಕ ಗ್ರಾಮಫೋನ್ ತಟ್ಟೆಯೊಂದರಲ್ಲಿ ರಾಗಿ ಬೀಸುವ ಪದವಿದೆ, ಹೆಸರಿನ ಜಾಗದಲ್ಲಿ ‘ಮಧುರೆಯ ಮಹಿಳೆ’ ಎಂದಷ್ಟೇ ಇದೆ, ಹಾಡಿದವರು ನಿಮ್ಮ ತಾಯಿಯೇ ಎಂದು ಕೇಳಿದಳು. ಅವ್ವ ಒಮ್ಮೆ ಬೆಂಗಳೂರಿಗೆ ಹೋಗಿ ಹಾಡಿ ಬಂದದ್ದು ನಿಜ. ಆದರೆ ದೊಡ್ಡಬಳ್ಳಾಪುರದ ಪಕ್ಕದ ನಮ್ಮೂರು ಮಧುರೆಯ ಇನ್ನೊಂದು ಮನೆಯವರೂ ಅದು ತಮ್ಮಜ್ಜಿಯ ದನಿ ಎನ್ನುತ್ತಿದ್ದರಂತೆ. ಹಾಡಿನೊಳಗೇ ಗುರುತು ಸಿಕ್ಕರೆ ಮಾತ್ರ ಹೆಸರು ಹಾಕುವುದು ಎಂದಳು.

ರಾಗಿ ಬೀಸುವ ಹೆಂಗಸರು ಕೊನೆಗೆ ಕಲ್ಲು ಬಿಡುವ ಪದ ಹೇಳಿ, ತವರಿನ ಅಣ್ಣತಮ್ಮಂದಿರನ್ನು ಹೆಸರು ಹಿಡಿದು ಹರಸಿಯೇ ಏಳಬೇಕು. ಗುರುತಿದ್ದರೆ ಅಲ್ಲೇ. ತಟ್ಟೆಯಲ್ಲಿ ಜಾಗ ಮುಗಿಯಿತೆಂದು ಅವ್ವನನ್ನು ಅದಕ್ಕೆ ಮುಂಚೆಯೇ ನಿಲ್ಲಿಸಿಬಿಟ್ಟಿದ್ದರು. ಕಲ್ಲಿಗೆ ಹೇಳದೆ ಎದ್ದು ಬಂದೆನಲ್ಲ ಎಂದು ಸಾಯುವವರೆಗೂ ಕೊರಗಿದಳು.

ಹಾಡು ಮೊಬೈಲಿಗೆ ಬಂತು. ಮರುದಿನ ಮಧ್ಯಾಹ್ನ ಮಧುರೆಯಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಕೂತು ಹಾಕಿದೆ. ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡೆ. ಹಾಡು ಎಲ್ಲೂ ತುಂಡಾಗಲಿಲ್ಲ. ದನಿ ಮೆಲ್ಲಗೆ ಇಳಿದು ಕಲ್ಲು ಬಿಡುವ ಪದ ಶುರುವಾಯಿತು. ಜಡಿಗೇನಹಳ್ಳಿಯ ತಮ್ಮ ಮುನಿಶಾಮಿ ತಣ್ಣಗಿರಲಿ ಎಂದು ಬಂತು. ಮುನಿಶಾಮಿ ನಮ್ಮ ಸೋದರಮಾವ. ಅಕ್ಕನೇ ಹಾಡಿದಳೇನೋ ಎಂದುಕೊಳ್ಳೋಣವೆಂದರೆ ಅವಳ ಬಾಯಿತುಂಬ ಎಲೆಅಡಿಕೆ. ಹಾಡು ಮುಗಿದಾಗ ನಾಲ್ಕು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

ಅಕ್ಕ ಎದ್ದುಹೋಗಿ ಉಗುಳಿ ಬಂದು, “ಅವ್ವ ಕಲ್ಲು ಬಿಟ್ಲು ಕಣೋ” ಎಂದಳು.

ಮತ್ತೆ ಹಾಕಿದೆ. ಮೂರು ನಿಮಿಷ ಐದು ಸೆಕೆಂಡಿಗೆ ತಟಕ್ಕನೆ ನಿಂತಿತು. ಸಂಜೆಯವರೆಗೆ ಏಳು ಸಲ ಹಾಕಿದೆ, ಏಳು ಸಲವೂ ಅಷ್ಟೇ.

ಆ ಹೆಣ್ಣುಮಗಳಿಗೆ ಎಲ್ಲವನ್ನೂ ಹೇಳಿದೆ. ತಮ್ಮಲ್ಲಿರುವುದೂ ಮೂರು ನಿಮಿಷ ಐದು ಸೆಕೆಂಡೇ ಎಂದಳು. ಆಮೇಲೆ, “ಸರ್, ಆ ಹೆಸರು ಹಾಡಲ್ಲಿದೆ ಅಂತ ನೀವು ಬರ್ದುಕೊಟ್ಬಿಡಿ. ನಾವು ನಿಮ್ ತಾಯಿ ಹೆಸರು ಹಾಕ್ತೀವಿ” ಎಂದಳು.

ಅವಳು ಅದಕ್ಕೆಂದು ಕಳಿಸಿದ ಕಾಗದ ಒಂದು ವಾರ ಮೇಜಿನ ಮೇಲಿತ್ತು. ಇಲ್ಲದ್ದನ್ನು ಇದೆ ಎಂದು ನಾನು ಎಂದೂ ಸಹಿ ಹಾಕಿದವನಲ್ಲ. ‘ಇಲ್ಲ’ ಎಂದು ಬರೆದು ಕಳಿಸಿದೆ.

ರೆಕಾರ್ಡು ಬಂತು. ಒಳ್ಳೆಯ ದಪ್ಪ ಹೊದಿಕೆ. ಹಾಡಿದವರು ಯಾರೆಂದು ತಿಳಿದಿಲ್ಲ ಎಂದು ಅಚ್ಚು ಹಾಕಿದ್ದರು. ಅಕ್ಕನಿಗೆ ಓದಿ ಹೇಳಿದೆ. ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ನಿನ್ ಕಿವೀಗೂ ಬಿತ್ತಲ್ಲೋ. ಅವ್ವ ಇನ್ಯಾರಿಗ್ ಹೇಳ್ಬೇಕಾಗಿತ್ತು?”

ಬಿದ್ದದ್ದು ಹೌದು. ತಟ್ಟೆಯಲ್ಲಿ ಇಲ್ಲದ್ದೂ ಹೌದು.