ಭಾನುವಾರದ ವನ್ಸ್ ಮೋರ್

ಆ ಭಾನುವಾರ ಸಂಜೆ ನಾಟಕ ಕಂಪನಿಯ ಒಡತಿ ಆ ಹಾಡನ್ನು ಎರಡನೆಯ ಸಲ ಹಾಡಿದರೋ ಇಲ್ಲವೋ, ನನಗೆ ನಿಜವಾಗಿ ಗೊತ್ತಿಲ್ಲ. ಹಾಡಿದರು ಎಂದು ನನ್ನ ನೆನಪು ಹೇಳುತ್ತದೆ. ಪಕ್ಕದಲ್ಲೇ ಕೂತಿದ್ದ ಸಹೋದ್ಯೋಗಿ, ಅವರು ಹಾಡಲಿಲ್ಲ ಎನ್ನುತ್ತಾನೆ. ಅವನ ನೆನಪಿನ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವಿಲ್ಲ. ಆದರೆ ನನ್ನದರ ಬಗ್ಗೆ ಇರುವುದು ಇನ್ನೂ ಚಿಕ್ಕದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡೆ ಎನ್ನುವವನನ್ನೇ ಎಲ್ಲರಿಗಿಂತ ಹೆಚ್ಚು ಅನುಮಾನಿಸಬೇಕೆಂದು ಕಲಿಸಿದ್ದರು. ಆ ಸಾಕ್ಷಿ ಮುಂದೊಂದು ದಿನ ನಾನೇ ಆಗಬಹುದೆಂದು ಆಗ ಹೊಳೆದಿರಲಿಲ್ಲ.

ಇತಿಹಾಸ ಓದಿದವರಿಗೂ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ ಸಿಗುತ್ತಿದ್ದ ಕಾಲ ಅದು. ನನ್ನದು ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಎಲ್ಲಿ ತಪ್ಪಿದೆ ಎಂದು ದಿನವಿಡೀ ಹುಡುಕುವುದು. ಲಿಂಗಂಪಲ್ಲಿ ಕಡೆ ಬಾಡಿಗೆ ಮನೆ ಹಿಡಿದಿದ್ದ ನಮ್ಮಂಥ ಕನ್ನಡದ ಹುಡುಗ ಹುಡುಗಿಯರದ್ದೊಂದು ಇ-ಮೇಲ್ ಗುಂಪಿತ್ತು. ಅದನ್ನು ನಡೆಸುತ್ತಿದ್ದವನು ನನ್ನ ಮೈಸೂರಿನ ಸಹೋದ್ಯೋಗಿ. ಊರಿನಲ್ಲಿ ಕನ್ನಡ ನಾಟಕವೋ ಸಂಗೀತವೋ ಇದ್ದರೆ ಮೊದಲು ನನ್ನನ್ನು ಅಟ್ಟುತ್ತಿದ್ದ. ನಾನು ಹೋಗಿ ನೋಡಿ, ನೋಡಬಹುದೋ ಬೇಡವೋ ಬರೆಯಬೇಕು. 'ನಿಂಗೆ ಯಾವ್ದೂ ಇಷ್ಟ ಆಗಲ್ಲ ಕಣೋ. ನಿಂಗೇ ಇಷ್ಟ ಆದ್ರೆ ಅದು ಎಲ್ರಿಗೂ ಆಗತ್ತೆ' ಎನ್ನುವುದು ಅವನ ಲೆಕ್ಕಾಚಾರ.

ಹಾಗೆ ಒಂದು ಶುಕ್ರವಾರ ನಾರಾಯಣಗೂಡದ ಹಳೆಯ ಹಾಲಿಗೆ ಹೋದೆ. ಕಲಬುರಗಿ ಕಡೆಯ ನಾಟಕ ಕಂಪನಿಯೊಂದು ಬಂದಿತ್ತು. ಶುಕ್ರವಾರ ಒಂದು ಆಟ, ಭಾನುವಾರ ಇನ್ನೊಂದು. ಎರಡು ದಿನವೂ ಅದೇ ನಾಟಕ, ಹಾಡುಗಳೇ ತುಂಬಿದ ಹಳೆಯ ಮಾದರಿಯದು. ಮುಂದಿನ ಸಾಲುಗಳು ಖಾಲಿ. ಹಿಂದೆ ಮಾತ್ರ ಜನವೋ ಜನ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ನಮ್ಮ ಆಫೀಸುಗಳಂಥವನ್ನು ಕಟ್ಟುತ್ತಿದ್ದ ಗಾರೆ ಕೆಲಸದವರು, ಸೆಂಟ್ರಿಂಗ್‌ನವರು, ಅವರ ಹೆಂಡಂದಿರು, ಮಡಿಲಲ್ಲಿ ಮಲಗಿದ ಕೂಸುಗಳು. ಬೀಡಿ ಸೇದಲು ಹೊರಗೆ ಹೋದವರು ಹಾರ್ಮೋನಿಯಂ ಸದ್ದಾದ ಕೂಡಲೇ ಒಳಗೆ ನುಗ್ಗುತ್ತಿದ್ದರು.

ಕಥೆ ಸರಳ. ವ್ಯಾಪಾರಕ್ಕೆ ಹೋದ ಗಂಡನಿಗಾಗಿ ಹೆಂಡತಿ ವರ್ಷಗಟ್ಟಲೆ ಕಾಯುತ್ತಾಳೆ. ಅವನು ಬಂದ ದಿನವೇ ಹೊಸ್ತಿಲಲ್ಲಿ ಹಾವು ಕಚ್ಚಿ ಸಾಯುತ್ತಾನೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಾಡುತ್ತಾಳೆ. ಆಮೇಲೆ ದೇವರು, ವರ, ಮಂಗಳ. ಹೆಂಡತಿಯ ಪಾತ್ರ ಮಾಡಿದವರು ಕಂಪನಿಯ ಒಡತಿ, ಐವತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಬಣ್ಣ ಹೆಚ್ಚಾಗಿತ್ತು. ಪರದೆಯ ಮೇಲಿನ ಅರಮನೆ ಸುಕ್ಕುಗಟ್ಟಿತ್ತು. ಮೈಕು ಆಗಾಗ ಸಿಳ್ಳೆ ಹಾಕುತ್ತಿತ್ತು. ಮಧ್ಯಂತರದ ಹೊತ್ತಿಗೆ ನನ್ನ ತಲೆಯಲ್ಲಿ ದೋಷಗಳ ಪಟ್ಟಿ ಸಿದ್ಧವಾಗಿತ್ತು.

ಆಮೇಲೆ ಆ ಹಾಡು ಬಂತು. ಮೊದಲ ಸಲ ನಾನು ಕೈಕಟ್ಟಿ ಕೂತು ಕೇಳಿದೆ. ಧ್ವನಿ ಒಂದೆರಡು ಕಡೆ ಒಡೆದದ್ದು ಗಮನಿಸಿದೆ. ಮುಗಿಯುತ್ತಿದ್ದಂತೆ ಹಿಂದಿನಿಂದ 'ವನ್ಸ್ ಮೋರ್!' ಎಂಬ ಕೂಗು. ಕಂಪನಿ ನಾಟಕಗಳಲ್ಲಿ ಜನ ಹೀಗೆ ಕೇಳಿದರೆ ನಟರು ಕಥೆಯನ್ನು ಅಲ್ಲೇ ನಿಲ್ಲಿಸಿ ಹಾಡನ್ನು ಮತ್ತೆ ಹಾಡುತ್ತಾರೆ ಎಂದು ಓದಿ ತಿಳಿದಿದ್ದೆ, ಕಂಡಿರಲಿಲ್ಲ. ಪೆಟ್ಟಿಗೆ ಮಾಸ್ತರು ಹಾರ್ಮೋನಿಯಂ ಮೇಲೆ ಬೆರಳನ್ನು ಹಿಂದಕ್ಕೆ ಓಡಿಸಿದರು. ಬಾಯಾರು ಮೊದಲಿನಿಂದ ಹಾಡಿದರು. ಅದೇ ಹಾಡಲ್ಲ. ಒಂದು ಸಾಲನ್ನು ಹಿಡಿದು ಅದರಲ್ಲೇ ಸುತ್ತಿದರು, ದಾರಿ ತಪ್ಪಿದವರಂತೆ. ಮತ್ತೆ ಕೂಗು. ಮೂರನೆಯ ಸಲಕ್ಕೆ ತೋಳು ಜೋಮು ಹಿಡಿಯಿತೆಂದು ಕಾಣುತ್ತದೆ, ಸತ್ತ ಗಂಡ ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ಹೊರಳಿದ. ಒಬ್ಬರೂ ನಗಲಿಲ್ಲ. ನಾನೂ ನಗಲಿಲ್ಲ. ಕಟ್ಟಿದ್ದ ಕೈ ಯಾವಾಗಲೋ ಬಿಚ್ಚಿಕೊಂಡಿತ್ತು.

ಆಟ ಮುಗಿದ ಮೇಲೆ ಒಳಗೆ ಹೋದೆ. ಬಾಯಾರು ಟ್ರಂಕಿನ ಮೇಲೆ ಕೂತು ಕೊಬ್ಬರಿ ಎಣ್ಣೆಯಿಂದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಬಾಗಿಲಲ್ಲೇ ನನ್ನನ್ನು ವಿಚಾರಿಸಿಕೊಂಡಿದ್ದ ಮಾಸ್ತರು ನಾನು ಯಾರೆಂದು ಹೇಳಿದರು.

'ಸಾಫ್ಟ್‌ವೇರ್‌ನಾವ್ರಾ? ಬರ್ರಿ, ಕೂಡ್ರಿ. ಚಾ ತಗೊಂತೀರಿ?' ಎಂದರು ಬಾಯಾರು. 'ನೀವು ಚಲೋ ಐತಿ ಅಂತ ಬರದ್ರ ನಿಮ್ಮ ಮಂದಿ ಬರ್ತಾರಂತಲ್ರಿ?'

'ಬರಬಹುದು.'

'ಬರಬಹುದಲ್ರಿ, ಬರಬೇಕು.' ಅವರು ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದ ಮ್ಯಾನೇಜರನ್ನು ತೋರಿಸಿದರು. 'ನಮ್ಮ ಮೈದುನ ಇಂವ. ಹಾಡಿನ ನಾಟಕ ಸಾಕು, ಇನ್ನ ಬರೇ ಕಾಮಿಡಿ ಆಡೂಣು ಅಂತಾನ. ಐತವಾರ ಹಾಲ್ ತುಂಬಿದ್ರ ಮುಂದಿನ ಕ್ಯಾಂಪಿಗೂ ಇದ ನಾಟಕ. ತುಂಬಲಿಲ್ಲ ಅಂದ್ರ ಇದನ್ನ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕೂದು. ಮಾತಾಗೇತ್ರಿ ನಮ್ಮಿಬ್ಬರಿಗೂ.'

'ನಾ ಬರೋಬ್ಬರಿ ಹೇಳೀನ್ರಿ ಸಾಹೇಬ್ರ' ಎಂದ ಮ್ಯಾನೇಜರ್, ತಲೆ ಎತ್ತದೆ. 'ವೈನಿ ಹಾಡಾಕ ನಿಂತ್ರ ನನ್ನ ಹೊಟ್ಟಿ ತುಂಬತೈತಿ. ಹಾಲ್ ತುಂಬಬೇಕಲ್ರಿ?'

ಬಾಯಾರು ನಕ್ಕರು. ಆಮೇಲೆ ನೇರವಾಗಿ ಕೇಳಿದರು: 'ಖರೇ ಹೇಳ್ರಿ. ನೋಡೂವಂಗ ಐತೋ ಇಲ್ಲೋ?'

'ಇದೆ' ಎಂದೆ. ಅಷ್ಟು ಚಿಕ್ಕ ಉತ್ತರ ನಾನು ಯಾವುದಕ್ಕೂ ಕೊಟ್ಟವನಲ್ಲ.

ಮರುದಿನ ಬೆಳಿಗ್ಗೆ ಗುಂಪಿಗೆ ಬರೆದೆ. ದೋಷಗಳ ಪಟ್ಟಿಯನ್ನು ಬಿಟ್ಟೆ. ಇಂಥದ್ದನ್ನು ಮತ್ತೆ ನೋಡಲು ಸಿಗುವುದಿಲ್ಲ, ಬನ್ನಿ ಎಂದು ಬರೆದೆ. ಮಧ್ಯಾಹ್ನ ಸಹೋದ್ಯೋಗಿಯ ಫೋನು.

'ಜನ ರೆಡಿ ಕಣೋ. ಎಷ್ಟು ಹೊತ್ತಿನ ನಾಟಕ?'

'ಶುಕ್ರವಾರ ನಾಲ್ಕು ಗಂಟೆ ಆಯಿತು.'

'ನಾಲ್ಕಾ! ತಲೆ ಕೆಟ್ಟಿದ್ಯಾ? ನಾಂಪಲ್ಲಿಗೆ ಹೋಗಿ ಲಿಂಗಂಪಲ್ಲಿ ಲೋಕಲ್ ಹಿಡೀಬೇಕು. ಸೋಮವಾರ ಎಲ್ರಿಗೂ ಆಫೀಸು. ಎರಡೂವರೆ ಗಂಟೇಲಿ ಮುಗಿಸ್ತಾರಾ ಕೇಳು.'

'ವನ್ಸ್ ಮೋರ್ ಆಗತ್ತೆ. ಅದಕ್ಕೇ ಅಷ್ಟು ಹೊತ್ತು.'

'ಹಾಗಾದ್ರೆ ವನ್ಸ್ ಮೋರ್ ಬೇಡ ಅನ್ನು. ಒಂದು ಸಲ ಹಾಡಿದ್ರೆ ಅರ್ಥ ಆಗಲ್ವಾ ನಮಗೆ? ಅಷ್ಟು ಮಾಡಿದ್ರೆ ಮುಂದಿನ ಸಾಲೆಲ್ಲ ನಾನು ತುಂಬಿಸ್ತೀನಿ.'

ಈ ನಾಟಕ ನೋಡುವಂಥದ್ದಾದದ್ದೇ ಎರಡನೆಯ, ಮೂರನೆಯ ಸಲದ ಹಾಡಿನಿಂದ ಎಂದು ಅವನಿಗೆ ಹೇಗೆ ವಿವರಿಸುವುದು? ಪ್ರಯತ್ನಿಸಿದೆ. 'ನೀನು ಬಂದು ಕೇಳಿದ ಮೇಲೆ...' ಎಂದು ಶುರು ಮಾಡಿದ್ದು ನೆನಪಿದೆ. ಅವನಿಗೆ ಇನ್ನೊಂದು ಕಾಲ್ ಬಂತು.

ಹಾಲಿಗೆ ಹೋಗಿ ಬಾಯಾರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ವನ್ಸ್ ಮೋರ್ ಇದ್ದರೆ ನಮ್ಮವರು ಬರುವುದಿಲ್ಲ, ಇಲ್ಲದಿದ್ದರೆ ಬರುತ್ತಾರೆ. ಅವರಿಗಿಂತ ಮೊದಲು ಮಾಸ್ತರು ಬಾಯಿ ಹಾಕಿದರು.

'ಮಂದಿ ಕೇಳಿದ್ರ ಒಲ್ಲೆ ಅನ್ನಾಕ ನಾವ್ಯಾರ್ರಿ? ಉಣ್ಣಾಕ ಕುಂತಾವ ಇನ್ನೊಂದು ರೊಟ್ಟಿ ಕೇಳಿದ್ರ ಟೈಮ್ ಆತು ಏಳಪಾ ಅಂತೀರೇನು?'

'ಮಾಸ್ತರ, ಸುಮ್ಕಿರ್ರಿ' ಎಂದರು ಬಾಯಾರು. 'ನೀವೇನಂತೀರಿ?' ಎಂದು ನನ್ನನ್ನು ಕೇಳಿದರು.

ಏನೆನ್ನಲಿ? ಹಾಲ್ ತುಂಬದಿದ್ದರೆ ನಾಟಕವೇ ಇಲ್ಲ. ತುಂಬಬೇಕೆಂದರೆ ಹಾಡು ಒಂದೇ ಸಲ.

'ಆತ್ರಿ' ಎಂದರು ಅವರು. 'ಮೊದಲ ಬರ್ಲಿ. ಒಂದು ಸರ್ತಿ ಈ ನಾಟಕ ಉಳೀಲಿ.'

ಭಾನುವಾರ ಪರದೆ ಏಳುವ ಮೊದಲು ಮ್ಯಾನೇಜರ್ ಮೈಕಿನ ಮುಂದೆ ಕೈಮುಗಿದು, ಸಮಯದ ಅಭಾವವಿದೆ, ದಯವಿಟ್ಟು ಯಾರೂ ವನ್ಸ್ ಮೋರ್ ಕೇಳಬಾರದು ಎಂದು ಕೋರಿದ. ಹಿಂದಿನ ಸಾಲಿನವರಿಗೆ ಇದು ಹೊಸ ಬಗೆಯ ತಮಾಷೆಯಂತೆ ಕಂಡಿರಬೇಕು. 'ಯಾಕಲೇ, ನಾವೇನು ಫುಕಟ್ ಬಂದೀವೇನು?' ಎಂದು ಒಬ್ಬ ಕೂಗಿದ. 'ಮುಂದ ಕುಂತವ್ರಿಗೆ ಮನ್ಯಾಗ ಹಾಲ ಉಕ್ಕಾಕತ್ತೈತಂತೋ' ಎಂದಳು ಒಬ್ಬ ಹೆಂಗಸು. ದೊಡ್ಡ ನಗು. ನಮ್ಮವರಿಗೆ ಮಾತು ಪೂರ್ತಿ ತಿಳಿಯದಿದ್ದರೂ ತಮ್ಮ ಬಗ್ಗೆಯೇ ಎಂದು ತಿಳಿಯಿತು, ಅವರೂ ನಕ್ಕರು.

ನಾಟಕ ಚುರುಕಾಗಿ ಸಾಗಿತು. ಹಾವು ಕಚ್ಚಿತು. ಬಾಯಾರು ಹಾಡಿದರು. ಶುಕ್ರವಾರಕ್ಕಿಂತ ಶುದ್ಧವಾಗಿ, ಧ್ವನಿ ಎಲ್ಲೂ ಒಡೆಯದೆ. ನಮ್ಮವರು ಅಚ್ಚುಕಟ್ಟಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಒಂದೇ ಒಂದು ಧ್ವನಿ, ಕೂಗಿದ್ದಲ್ಲ, ಕೇಳಿಕೊಂಡದ್ದು: 'ಇನ್ನೊಮ್ಮಿ ಹಾಡ್ರಿ ಯವ್ವಾ.'

ಮಾಸ್ತರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ನಿಂತವು. ಅವರು ಬಾಯಾರ ಕಡೆ ನೋಡಿದರು. ಬಾಯಾರು ಹಿಂದಿನ ಸಾಲುಗಳತ್ತ ನೋಡಿದರು, ಆಮೇಲೆ ಮುಂದಿನ ಸಾಲುಗಳತ್ತ. ಇಲ್ಲಿಯವರೆಗೆ ಸಹೋದ್ಯೋಗಿಯದ್ದೂ ನನ್ನದ್ದೂ ಒಂದೇ ನೆನಪು.

ನನ್ನ ಪ್ರಕಾರ ಅವರು ಮತ್ತೆ ಹಾಡಿದರು, ತುಂಬ ಮೆಲ್ಲಗೆ, ಮತ್ತು ಅದರ ನಡುವೆಯೇ ನಮ್ಮವರು ಒಬ್ಬೊಬ್ಬರಾಗಿ ಎದ್ದು ಬಗ್ಗಿಕೊಂಡು ಹೊರಟರು. ಕುರ್ಚಿಗಳು ಕಿರುಗುಟ್ಟಿದ್ದು ಈಗಲೂ ಕೇಳಿಸುತ್ತದೆ. ಅವನ ಪ್ರಕಾರ ಅವರು ಹಿಂದಿನವರತ್ತ ಕೈಮುಗಿದು ತಲೆ ತಗ್ಗಿಸಿದರು, ದೇವರು ಬಂದ, ಮಂಗಳವಾಯಿತು, ಎಲ್ಲರೂ ಒಟ್ಟಿಗೆ ಎದ್ದೆವು. ಅವನ ಕಡೆ ಪುರಾವೆಯಿದೆ: ನಾವೆಲ್ಲ ಒಟ್ಟಿಗೇ ಒಂದೇ ರೈಲು ಹಿಡಿದದ್ದು ನಿಜ. ನನ್ನ ಕಡೆ ಇರುವುದು ಹಾಡಿನ ನಡುವೆ ಸತ್ತವನು ಮಗ್ಗುಲು ಬದಲಿಸಿದ ಚಿತ್ರ. ಅದು ಶುಕ್ರವಾರದ್ದು. ಅದನ್ನು ಭಾನುವಾರಕ್ಕೆ ನಾನೇ ತಂದು ಇಟ್ಟುಕೊಂಡಿರಬಹುದು.

ರೈಲಿನಲ್ಲಿ ಸಹೋದ್ಯೋಗಿ ನನ್ನ ಬೆನ್ನು ತಟ್ಟಿದ. 'ಚೆನ್ನಾಗೇ ಇತ್ತು ಕಣೋ. ಆದ್ರೆ ನೀನು ಬರೆದಷ್ಟೇನಿರ್ಲಿಲ್ಲ ಬಿಡು.' ಅವನು ಸುಳ್ಳು ಹೇಳಲಿಲ್ಲ. ಅವನು ನೋಡಿದ ನಾಟಕ ಅಷ್ಟೇ ಇತ್ತು. ಆ ಗುಂಪಿಗೆ ನಾನು ಮತ್ತೆ ಯಾವ ನಾಟಕದ ಬಗ್ಗೆಯೂ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಬರೆಯಲು ಕೂತರೆ, ನಾನು ನೋಡಿದ್ದು ಇನ್ನೊಬ್ಬರಿಗೆ ಸಿಗುತ್ತದೆಂಬ ಭರವಸೆಯೇ ಬರುತ್ತಿರಲಿಲ್ಲ.

ವರ್ಷಗಳಾದ ಮೇಲೆ, ಈ ವಾದ ನಮ್ಮಿಬ್ಬರ ನಡುವೆ ಮತ್ತೊಮ್ಮೆ ಎದ್ದಾಗ, ಯಾರ ಯಾರನ್ನೋ ಹಿಡಿದು ಮಾಸ್ತರ ನಂಬರು ಸಂಪಾದಿಸಿದೆ. ಅವರು ಈಗ ಭಜನೆಗಳಿಗೆ ಪೆಟ್ಟಿಗೆ ನುಡಿಸುತ್ತಾರೆ. ಬಾಯಾರು ತೀರಿಕೊಂಡಿದ್ದರು. ಆ ಸಂಜೆ ಎರಡನೆಯ ಸಲ ಹಾಡಿದರಾ ಎಂದು ಕೇಳಿದೆ. 'ಎಷ್ಟು ಊರು, ಎಷ್ಟು ಆಟ, ಯಾವುದಂತ ನೆನಪಿಡ್ಲಿರಿ?' ಎಂದು ನಕ್ಕುಬಿಟ್ಟರು. ಆದರೆ ಆ ನಾಟಕವನ್ನು ಮತ್ತೆ ಆಡಲೇ ಇಲ್ಲ ಎನ್ನುವುದು ಅವರಿಗೆ ಚೆನ್ನಾಗಿ ನೆನಪಿತ್ತು. ಏಕೆಂದೂ ಹೇಳಿದರು. ನಾನು ಒಬ್ಬರ ಮಾತನ್ನು ನಂಬುವವನಲ್ಲವಾದ್ದರಿಂದ ಮ್ಯಾನೇಜರನ್ನೂ ಹುಡುಕಿ ಬೇರೆಯಾಗಿ ಕೇಳಿದೆ. ಇಬ್ಬರ ಮಾತೂ ಕೂಡಿತು. ಆ ಭಾನುವಾರ ಹಾಲ್ ತುಂಬಿತ್ತು. ಮ್ಯಾನೇಜರ್ ಕೊಟ್ಟ ಮಾತಿನಂತೆ ಮುಂದಿನ ಕ್ಯಾಂಪಿಗೆ ಅದೇ ನಾಟಕದ ಬೋರ್ಡು ಬರೆಸಲು ಹೊರಟಿದ್ದ. ಬೇಡ ಎಂದವರು ಬಾಯಾರು: 'ವನ್ಸ್ ಮೋರ್ ಕೇಳಬ್ಯಾಡ್ರಿ ಅಂತ ಕೈಮುಗದು ಆಡೂದಾದ್ರ, ಅದು ಟ್ರಂಕಿನ್ಯಾಗ ಇರ್ಲಿ.'